ತುಳಸಿಗೇರಿಯಿಂದ ಬೆಂಗೇರಿಗೆ: ಬಾವುಟದ ಬಟ್ಟೆಯ ಜಾಡಿನಲ್ಲಿ

ಬಾಗಲಕೋಟೆಯಿಂದ ತುಳಸಿಗೇರಿಗೆ ಬರುವವರಲ್ಲಿ ಹೆಚ್ಚಿನವರು ಆಂಜನೇಯನ ದರ್ಶನಕ್ಕೆ ಬರುತ್ತಾರೆ. ನಾನು ಹೋದದ್ದು ಅದೇ ಊರಿನ ಖಾದಿ ಕೇಂದ್ರಕ್ಕೆ. ರಾಷ್ಟ್ರಧ್ವಜದ ಬಟ್ಟೆ ಅಲ್ಲಿ ಕೈಮಗ್ಗದ ಮೇಲೆ ಸಿದ್ಧವಾಗುತ್ತದೆ. ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. ಹಾಸಿನ ಎಳೆಯೊಂದು ಕಡಿಯಿತೆಂದು ಒಬ್ಬ ತಾಯಿ ಲಾಳಿ ನಿಲ್ಲಿಸಿ, ಎರಡು ತುದಿಗಳನ್ನೂ ಬೆರಳಲ್ಲಿ ಹೊಸೆದು ಕೂಡಿಸಿದ ಮೇಲೆಯೇ ಮತ್ತೆ ನೇಯತೊಡಗಿದರು. ಎಳೆಗಳ ಲೆಕ್ಕ ತಪ್ಪಿದ ಬಟ್ಟೆ ಧ್ವಜಕ್ಕೆ ಸಲ್ಲುವುದಿಲ್ಲ.

ಅಲ್ಲಿಂದ ನರಗುಂದ, ನವಲಗುಂದದ ಎರೆಹೊಲಗಳನ್ನು ದಾಟಿ ಹುಬ್ಬಳ್ಳಿ ಸೇರಿದೆ. ಬಾವುಟದ ಚರಿತ್ರೆಯಲ್ಲಿ ಈ ಊರಿನ ಹೆಸರು ಹಳೆಯದು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ್ದ ನಾ. ಸು. ಹರ್ಡೀಕರರು ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳವನ್ನು ಕಟ್ಟಿ ಬೆಳೆಸಿದ್ದು ಇಲ್ಲಿಂದಲೇ. ಅವರು ಹಿಡಿದ ಬಾವುಟದ ನಡುವೆ ಇದ್ದುದು ಚರಕ. 1921ರಲ್ಲಿ ಬೆಜವಾಡದಲ್ಲಿ (ಇಂದಿನ ವಿಜಯವಾಡ) ಪಿಂಗಳಿ ವೆಂಕಯ್ಯನವರು ಗಾಂಧೀಜಿಯ ಮುಂದಿಟ್ಟ ಕೆಂಪು, ಹಸಿರಿನ ಧ್ವಜಕ್ಕೆ ಬಿಳಿಯೂ ಚರಕವೂ ಸೇರಿದವು. 1931ರಲ್ಲಿ ಕೆಂಪಿನ ಜಾಗಕ್ಕೆ ಕೇಸರಿ ಬಂದಾಗಲೂ ಚರಕ ಉಳಿಯಿತು, ಬಣ್ಣಗಳಿಗೆ ಮತೀಯ ಅರ್ಥವಿಲ್ಲವೆಂದು ಕಾಂಗ್ರೆಸ್ ಆಗಲೇ ಸ್ಪಷ್ಟಪಡಿಸಿತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರಲ್ಲಿ. ತುಳಸಿಗೇರಿಯ ಬಟ್ಟೆ ಇಲ್ಲಿ ಮೂರು ಪಾಲಾಗಿ ಕೇಸರಿ, ಬಿಳಿ, ಹಸಿರಾಗುತ್ತದೆ. 6×4 ಅಂಗುಲದ ಮೇಜಿನ ಬಾವುಟದಿಂದ 21×14 ಅಡಿಯ ಧ್ವಜದವರೆಗೆ ಒಂಬತ್ತು ಅಳತೆಗಳಿವೆ. ನನ್ನ ಕಾಲು ನಿಂತದ್ದು ಚಕ್ರ ಅಚ್ಚೊತ್ತುವ ಮೇಜಿನ ಬಳಿ. ಬಿಳಿ ಪಟ್ಟಿಯ ಒಂದು ಮಗ್ಗುಲಿಗೆ ಒತ್ತಿದ ನೀಲಿ ಚಕ್ರದ ಮೇಲೆಯೇ ಇನ್ನೊಂದು ಮಗ್ಗುಲಿನ ಚಕ್ರವೂ ಕೂಡಬೇಕು. 24 ಅರೆಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಆ ತುಂಡು ಪಕ್ಕಕ್ಕೆ ಹೋಗುತ್ತದೆ. "ಬೆಳಕಿಗೆ ಹಿಡದು ನೋಡ್ರಿ ಸರ, ಒಂದ ಚಕ್ರ ಕಾಣಬೇಕು" ಎಂದು ಅಲ್ಲಿನ ಅಕ್ಕ ಪಟ್ಟಿಯನ್ನು ಕಿಟಕಿಗೆ ಎತ್ತಿ ಹಿಡಿದರು. ಒಂದೇ ಚಕ್ರ ಕಂಡಿತು.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಧ್ವಜದ ಠರಾವು ಮಂಡಿಸುತ್ತ ನೆಹರೂ ಮುಂದಿಟ್ಟದ್ದೂ ಎರಡು ಮಗ್ಗುಲಿನ ಈ ಪ್ರಶ್ನೆಯನ್ನೇ. ಚರಕದ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಹಿಂಬದಿಯಿಂದ ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಚಕ್ರವನ್ನಷ್ಟೇ ಉಳಿಸಿಕೊಂಡು, ಅದರ ರೂಪವನ್ನು ಸಾರನಾಥದ ಅಶೋಕ ಸ್ತಂಭದಿಂದ ಪಡೆಯಲಾಯಿತು. ಠರಾವಿನ ಮಾತು ಗಮನಿಸಬೇಕಾದದ್ದು: ಈ ಚಕ್ರ ಚರಕವನ್ನು ಪ್ರತಿನಿಧಿಸುತ್ತದೆ. ಅದೇ ಸಭೆಯಲ್ಲಿ ರಾಧಾಕೃಷ್ಣನ್ನರು ಕೇಸರಿಯಲ್ಲಿ ನಾಯಕರಿಗೆ ಬೇಕಾದ ವೈರಾಗ್ಯವನ್ನೂ ಬಿಳಿಯಲ್ಲಿ ಸತ್ಯದ ದಾರಿ ತೋರುವ ಬೆಳಕನ್ನೂ ಹಸಿರಿನಲ್ಲಿ ಮಣ್ಣಿನೊಡನೆ, ಗಿಡಮರಗಳೊಡನೆ ಇರುವ ನಂಟನ್ನೂ ಕಂಡರು. ಶಾಲೆಗಳಲ್ಲಿ ಬಣ್ಣಗಳ ಈ ಅರ್ಥವನ್ನು ಹೇಳಿಕೊಡುತ್ತೇವೆ, ಬಟ್ಟೆಯ ಅರ್ಥವನ್ನು ಹೇಳಿಕೊಡುವುದಿಲ್ಲ. ಚಿತ್ರದಿಂದ ಮರೆಯಾದ ಚರಕ ಕೈನೂಲಿನ ಹಾಸುಹೊಕ್ಕಿನಲ್ಲಿ ಉಳಿದುಕೊಂಡಿದೆಯೆಂದು ನನಗೆ ತಿಳಿದದ್ದು ತುಳಸಿಗೇರಿಯ ಆ ಮಗ್ಗದ ಮುಂದೆ.

ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯ ನಂತರ ಯಂತ್ರದಲ್ಲಿ ನೇಯ್ದ ಬಟ್ಟೆಯನ್ನೂ ಪಾಲಿಯೆಸ್ಟರನ್ನೂ ಧ್ವಜಕ್ಕೆ ಬಳಸಬಹುದಾಗಿದೆ. ಮನೆಮನೆಯ ಮೇಲೂ ಬಾವುಟ ಹಾರಲಿ ಎಂಬ ಆಸೆಗೆ ನನ್ನ ತಕರಾರಿಲ್ಲ, ಅಗ್ಗದ ಬಾವುಟ ಬಡವರ ಕೈಗೂ ಎಟುಕುತ್ತದೆ. ಆದರೆ ಸರ್ಕಾರಿ ಕಚೇರಿ, ಶಾಲೆ, ಪಂಚಾಯಿತಿಗಳ ಕಂಬಕ್ಕಾದರೂ ಖಾದಿಯನ್ನೇ ಕಡ್ಡಾಯ ಮಾಡಬೇಕು. ಇಲ್ಲದಿದ್ದರೆ ತುಳಸಿಗೇರಿಯ ಹೆಣ್ಣುಮಕ್ಕಳ ದುಡಿಮೆಗೂ, ಠರಾವಿನಲ್ಲಿ ಚರಕದ ಹೆಸರು ಬರೆದವರ ಆಶಯಕ್ಕೂ ಏಕಕಾಲಕ್ಕೆ ಪೆಟ್ಟು ಬೀಳುತ್ತದೆ.