ಗುಳಿಗೆ ಅದೇ, ಗಳಿಗೆ ತಪ್ಪಿದೆ

"ಮೊದಲೆರಡು ವರ್ಷ ಗುಳಿಗೆ ಚೆನ್ನಾಗಿ ಹಿಡೀತು, ಈಗ ಏನೂ ಹಿಡೀತಾ ಇಲ್ಲ." ಅರಸೀಕೆರೆಯಿಂದ ಮೂಡಿಗೆರೆವರೆಗೆ, ಪಾರ್ಕಿನ್ಸನ್ಸ್ (ಕಂಪವಾತ) ಇರುವ ಮನೆಗಳಲ್ಲಿ ಕೇಳಿಬರುವ ಮಾತಿದು. ಗುಳಿಗೆ ಕೆಟ್ಟಿಲ್ಲ. ಮಿದುಳಿನ ಕಣಜ ಬರಿದಾಗುತ್ತಿದೆ.

ನಡುಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಭಾಗದ ಜೀವಕೋಶಗಳು ಮೈಯ ಚಲನೆಯನ್ನು ಹಿಡಿತದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಕೈ ನಡುಗಲು ಶುರುವಾಗುವ ಹೊತ್ತಿಗೇ ಅವುಗಳಲ್ಲಿ ಹೆಚ್ಚೂಕಡಿಮೆ ಅರ್ಧ ಸತ್ತಿರುತ್ತವೆ. ಉಳಿದವು ಗುಳಿಗೆಯ ಲೆವೊಡೋಪಾವನ್ನು ಡೋಪಮಿನ್ ಮಾಡಿ ತುಂಬಿಟ್ಟುಕೊಂಡು, ದಿನವಿಡೀ ಅಳೆದು ಅಳೆದು ಕೊಡುತ್ತವೆ. ಅದಕ್ಕೇ ಮೊದಮೊದಲು ಮೂರು ಹೊತ್ತು ಸಾಕು, ಒಂದು ಹೊತ್ತು ತಡವಾದರೂ ಮೈಗೆ ತಿಳಿಯುವುದಿಲ್ಲ. ವರ್ಷ ಕಳೆದಂತೆ ತುಂಬಿಡುವ ಜಾಗವೇ ಕುಗ್ಗುತ್ತದೆ. ಲೆವೊಡೋಪಾ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಆಮೇಲೆ ರಕ್ತದ ಏರಿಳಿತವೇ ನಡಿಗೆಯ ಏರಿಳಿತವಾಗುತ್ತದೆ: ಗುಳಿಗೆ ಏರಿದಾಗ ಮೈ ಹಗುರ, ಇಳಿದಾಗ ಕಾಲು ನೆಲಕ್ಕೆ ಅಂಟಿದ ಹಾಗೆ.

ಈಗ ಪೆಟ್ಟಿಗೆಯ ಮೇಲಿನ ನಂಬರ್ ನೋಡಿ. ನಮ್ಮ ಕಡೆ ಹೆಚ್ಚಾಗಿ ಬರೆಯುವ ಸಿಂಡೋಪಾ ಗುಳಿಗೆಯಲ್ಲಿ 110 ಅಂದರೆ 100 ಮಿಲಿಗ್ರಾಂ ಲೆವೊಡೋಪಾ, 10 ಮಿಲಿಗ್ರಾಂ ಕಾರ್ಬಿಡೋಪಾ. 125 ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಕಾರ್ಬಿಡೋಪಾ ಕಾವಲುಗಾರನಿದ್ದಂತೆ. ಲೆವೊಡೋಪಾ ಮಿದುಳು ತಲುಪುವ ಮೊದಲೇ ಮೈಯಲ್ಲೆಲ್ಲ ಡೋಪಮಿನ್ ಆಗಿ ಸೋರಿಹೋಗದಂತೆ ಅದು ತಡೆಯುತ್ತದೆ. ಈ ತಡೆ ಪೂರ್ತಿ ಕೂರಲು ದಿನಕ್ಕೆ 70ರಿಂದ 100 ಮಿಲಿಗ್ರಾಂ ಬೇಕು. 110ರ ಗುಳಿಗೆ ಮೂರು ಹೊತ್ತು ನುಂಗಿದರೆ ಸಿಗುವುದು ಬರೀ 30. ಆಗ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, "ಈ ಮದ್ದು ನಮಗೆ ಆಗಿಬರಲ್ಲ" ಎಂದು ಬಿಟ್ಟೇಬಿಡುತ್ತಾರೆ. ಹೀಗಾದರೆ 125ಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೆಡಿಕಲ್ ಶಾಪ್‌ನಲ್ಲಿ "ಎರಡೂ ಒಂದೇ" ಎಂದು ನಂಬರ್ ಬದಲಿಸಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಡಿ. ಸಿಆರ್ ಎಂದು ಬರೆದ ಗುಳಿಗೆ ನಿಧಾನವಾಗಿ ಕರಗಲೆಂದೇ ಮಾಡಿದ್ದು, ಅದನ್ನು ಪುಡಿ ಮಾಡಿದರೆ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ.

ಇನ್ನು ಊಟ. ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಲೆವೊಡೋಪಾ ದಾಟುವ ಬಾಗಿಲಲ್ಲೇ ಪ್ರೋಟೀನ್ ಕರಗಿ ಬರುವ ಅಮೈನೋ ಆಮ್ಲಗಳೂ ದಾಟಬೇಕು. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು, ಮೇಲೊಂದು ಮೊಟ್ಟೆ ಉಂಡು ಕೈ ತೊಳೆದ ಕೂಡಲೇ ನುಂಗಿದ ಗುಳಿಗೆ ಆ ನೂಕುನುಗ್ಗಲಲ್ಲಿ ಹಿಂದೆ ಬೀಳುತ್ತದೆ. ಬೆಳಗಿನ ಗುಳಿಗೆ ಹಿಡಿದು ಮಧ್ಯಾಹ್ನದ್ದು ಹಿಡಿಯದಿರಲು ಬಹಳ ಸಲ ಇದೇ ಕಾರಣ. ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದರಿಂದ ಎರಡು ಗಂಟೆ ಬಿಟ್ಟು, ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಹಾಲು ಹಾಕಿದ ಕಾಫಿಯ ಜೊತೆಗೆ ಬೇಡ. ಕಾಫಿ ನಾಡಿನವರಿಗೆ ಇದು ಕಷ್ಟ, ಬಲ್ಲೆವು. ಗುಳಿಗೆ ನುಂಗಿ ಅರ್ಧ ಗಂಟೆ ತಡೆದು ಕಾಫಿ ಕುಡಿಯಲಿ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ನಾಲ್ಕು ಹೊತ್ತಿನ ಚೀಟಿ ಇದ್ದವರಿಗೆ ಬೆಳಗ್ಗೆ 6, ಹನ್ನೊಂದು, ಸಂಜೆ 4, ರಾತ್ರಿ 9 ಎಂಬ ಲೆಕ್ಕದಲ್ಲಿ ತಿಂಡಿ 8ಕ್ಕೆ, ಊಟ ಒಂದೂವರೆಗೆ, ರಾತ್ರಿಯೂಟ 7ಕ್ಕೆ ಹೊಂದಿಕೊಳ್ಳುತ್ತದೆ. ಪ್ರೋಟೀನನ್ನೇ ಕಡಿಮೆ ಮಾಡಬಾರದು, ಸ್ನಾಯು ಕರಗಿಹೋಗುತ್ತದೆ. ಏರಿಳಿತ ಜೋರಾಗಿದ್ದವರು ಕಾಳು, ಮಾಂಸವನ್ನು ರಾತ್ರಿಯೂಟಕ್ಕೆ ಸರಿಸಿಕೊಂಡರಾಯಿತು. ಮಲಬದ್ಧತೆ ಇದ್ದರೆ ಮೊದಲು ಅದಕ್ಕೆ ಮದ್ದು ಮಾಡಿ. ಹೊಟ್ಟೆ ಕರುಳು ಜಡವಾದರೆ ಗುಳಿಗೆಯೂ ಒಳಗೇ ಕೂರುತ್ತದೆ.

ಅವರೆಕಾಯಿ ಎಂದಾಗ ಒಂದು ಗೊಂದಲ ನೆನಪಿಗೆ ಬರುತ್ತದೆ. "ಬೀನ್ಸ್‌ನಲ್ಲಿ ಲೆವೊಡೋಪಾ ಇದೆ" ಎಂದು ಮೊಬೈಲಿನಲ್ಲಿ ಓದಿ ಹಿತಕಿನಬೇಳೆ ಹೆಚ್ಚು ತಿನ್ನಿಸುವವರಿದ್ದಾರೆ. ಅಲ್ಲಿ ಹೇಳಿದ್ದು ಫಾಬಾ ಬೀನ್, ನಮ್ಮ ಅವರೆ ಬೇರೆಯೇ ಗಿಡ. ಲೆವೊಡೋಪಾ ನಿಜವಾಗಿಯೂ ತುಂಬಿರುವುದು ಮಲೆನಾಡಿನ ಬೇಲಿಯಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ, ತೂಕದಲ್ಲಿ ಸುಮಾರು ನೂರಕ್ಕೆ ನಾಲ್ಕರಿಂದ ಆರು ಪಾಲು. ಕಂಪವಾತಕ್ಕೆ ಆಯುರ್ವೇದ ಅದನ್ನು ಕೊಡುವುದು ಸುಮ್ಮನೆ ಅಲ್ಲ. ಆದರೆ ಅದರಲ್ಲಿ ಕಾರ್ಬಿಡೋಪಾ ಇಲ್ಲ, ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಗುಳಿಗೆಯ ಜೊತೆಗೆ ಪುಡಿಯನ್ನೂ ಗುಟ್ಟಾಗಿ ಕೊಟ್ಟರೆ ಡೋಸ್ ಎರಡು ಕಡೆಯಿಂದ ಏರುತ್ತದೆ, ನರರೋಗ ತಜ್ಞರ ಲೆಕ್ಕವೆಲ್ಲ ತಪ್ಪುತ್ತದೆ. ಕೊಡುತ್ತಿದ್ದರೆ ದಯವಿಟ್ಟು ಹೇಳಿಬಿಡಿ.

ಡೋಸ್ ಹೆಚ್ಚಾದಾಗ ಆಗುವುದನ್ನು ಮನೆಯವರು ತಪ್ಪಾಗಿ ಓದುವುದೇ ಹೆಚ್ಚು. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ, ಸೆಕೆಂಡಿಗೆ ನಾಲ್ಕರಿಂದ ಆರು ಸಲ, ಒಂದೇ ತಾಳದಲ್ಲಿ ಅಲ್ಲಾಡುವುದು ನಡುಕ. ಗುಳಿಗೆ ನುಂಗಿ ಸುಮಾರು ಒಂದು ಗಂಟೆಗೆ ತಲೆ, ಭುಜ, ಸೊಂಟ ಬಳ್ಳಿಯ ಹಾಗೆ ತೊನೆಯುವುದು ಡಿಸ್ಕೈನೇಸಿಯಾ, ಅಂದರೆ ಮದ್ದು ಹೆಚ್ಚಾದ ಗುರುತು. ಎರಡನ್ನೂ ನಡುಕವೆಂದೇ ತಿಳಿದು ಇನ್ನೊಂದು ಅರ್ಧ ಗುಳಿಗೆ ಕೊಟ್ಟರೆ ತೊನೆದಾಟ ಜೋರಾಗುತ್ತದೆ. ಇದಕ್ಕೆ ಮೂರು ದಿನದ ಲೆಕ್ಕ ಬರೆದಿಡಿ: ಗುಳಿಗೆಯ ಹೊತ್ತು, ಊಟದ ಹೊತ್ತು, ಮೈ ಸಡಿಲವಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ. ಜೊತೆಗೆ ಎರಡು ಸ್ಥಿತಿಯದೂ ಒಂದೊಂದು ನಿಮಿಷದ ವಿಡಿಯೋ. ವೈದ್ಯರಿಗೆ ಹತ್ತು ನಿಮಿಷವಷ್ಟೇ ಸಿಗುವ ಕಡೆ, "ಆಗಾಗ ಕಷ್ಟ ಆಗುತ್ತೆ ಸಾರ್" ಎನ್ನುವುದಕ್ಕಿಂತ ಆ ಒಂದು ಹಾಳೆ ಹೆಚ್ಚು ಹೇಳುತ್ತದೆ.

ಇದೆಲ್ಲಕ್ಕೂ ಮೊದಲು, ಕಾಯಿಲೆ ಪಾರ್ಕಿನ್ಸನ್ಸ್ ಹೌದೇ ಎಂಬುದು ಖಚಿತವಾಗಬೇಕು. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನಾರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗ್ಯಾಸ್ ಗುಳಿಗೆಯೊಳಗೆ ಸೇರಿಕೊಂಡಿರುವ ಲೆವೊಸಲ್ಪಿರೈಡ್ ಡೋಪಮಿನ್‌ನ ದಾರಿಗೆ ಅಡ್ಡ ನಿಂತು ಇದೇ ಬಿಗಿತ, ಇದೇ ನಡುಕ ತರುತ್ತವೆ. ವಯಸ್ಸಾದವರಲ್ಲಿ ಇದನ್ನು ಎಷ್ಟೋ ಸಲ ಯಾರೂ ಗುರುತಿಸುವುದೇ ಇಲ್ಲ, ಅದು ನಿಜಕ್ಕೂ ನೋವಿನ ಸಂಗತಿ. ಮನೆಯಲ್ಲಿರುವ ಪ್ರತಿ ಗುಳಿಗೆಯ ಹಾಳೆಯನ್ನೂ ಒಂದು ಚೀಲಕ್ಕೆ ಹಾಕಿ ತಜ್ಞರ ಮುಂದೆ ಸುರಿಯಿರಿ. ತಪ್ಪಿತಸ್ಥ ಗುಳಿಗೆ ನಿಂತರೂ ಮೈ ಸಡಿಲವಾಗಲು ವಾರಗಳು, ಕೆಲವರಿಗೆ ಆರು ತಿಂಗಳೂ ಹಿಡಿಯುತ್ತದೆ. ಮಾನಸಿಕ ಕಾಯಿಲೆಗೆ ಕೊಟ್ಟ ಮದ್ದೂ ಹೀಗೆ ಮಾಡಬಹುದು, ಅದನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಹೊಸ ಚಿಕಿತ್ಸೆಗಳ ಸುದ್ದಿಯನ್ನು ಈ ಏರಿಳಿತದ ಲೆಕ್ಕ ಇಟ್ಟುಕೊಂಡು ಓದಿದರೆ ಸುಲಭವಾಗಿ ತಲೆಗೆ ಹತ್ತುತ್ತದೆ. 2024ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಫಾಸ್‌ಲೆವೊಡೋಪಾ ಪಂಪು, ಚರ್ಮದಡಿಯ ಸಣ್ಣ ನಳಿಗೆಯಿಂದ 24 ಗಂಟೆಯೂ ಮದ್ದು ಹನಿಸುತ್ತದೆ. ಹೊಟ್ಟೆಯ ಜಡತೆಯೂ ಇಲ್ಲ, ಕರುಳಿನ ಬಾಗಿಲಿನ ನೂಕಾಟವೂ ಇಲ್ಲ. ಸೂಜಿ ಚುಚ್ಚಿದ ಜಾಗ ಕೆಂಪಾಗುವುದು, ಸೋಂಕು ತಗಲುವುದು ಅದರ ತೊಡಕು. ಡಿಬಿಎಸ್, ಅಂದರೆ ಮಿದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ, ಹಳೆಯದೇ. 2025ರ ಫೆಬ್ರವರಿಯಲ್ಲಿ ಎಫ್‌ಡಿಎ ಒಪ್ಪಿದ ಹೊಸ ಬಗೆ ಮಿದುಳಿನ ಬೀಟಾ ಎಂಬ ವಿದ್ಯುತ್ ಅಲೆಗಳನ್ನು ತಾನೇ ಓದಿ, ಬೇಕಾದಾಗ ಮಿಡಿತ ಹೆಚ್ಚಿಸಿ, ಬೇಡವಾದಾಗ ತಗ್ಗಿಸುತ್ತದೆ. ಬೆಂಗಳೂರಿಗೆ ಡಿಬಿಎಸ್ ಕೇಳಲು ಹೋಗುವವರು ಒಂದು ಮಾತು ತಿಳಿದಿರಬೇಕು: ನಡುಕವೊಂದನ್ನು ಬಿಟ್ಟರೆ, ಲೆವೊಡೋಪಾ ಯಾವ ತೊಂದರೆಯನ್ನು ಸರಿಪಡಿಸುತ್ತದೋ ಡಿಬಿಎಸ್ ಸರಿಪಡಿಸುವುದೂ ಅದನ್ನೇ. ಗುಳಿಗೆ ಚೆನ್ನಾಗಿ ಏರಿದಾಗಲೂ ಬೀಳುತ್ತಿದ್ದರೆ, ಮರೆವು ಇದ್ದರೆ, ತಂತಿಯಿಂದ ಅದು ಸರಿಹೋಗುವುದಿಲ್ಲ. ಅದಕ್ಕೇ ರಾತ್ರಿಯಿಂದ ಗುಳಿಗೆ ನಿಲ್ಲಿಸಿ, ಬೆಳಗ್ಗೆ ಒಂದು ದೊಡ್ಡ ಡೋಸ್ ಕೊಟ್ಟು, ಮುಂಚೆ ಮತ್ತು ಆಮೇಲೆ ನಡಿಗೆ, ಬಿಗಿತ, ನಡುಕಕ್ಕೆ ಅಂಕ ಹಾಕಿ ನೋಡುತ್ತಾರೆ.

ಜೀವಕೋಶವನ್ನೇ ನೆಡುವ ಕೆಲಸವೂ ಶುರುವಾಗಿದೆ. 2025ರ ಏಪ್ರಿಲ್‌ನಲ್ಲಿ ಎರಡು ಚಿಕ್ಕ ಪ್ರಯೋಗಗಳ ಫಲಿತಾಂಶ ಹೊರಬಂತು. ಉತ್ತರ ಅಮೆರಿಕದಲ್ಲಿ 12 ಮಂದಿ, ಜಪಾನಿನ ಕ್ಯೋಟೋದಲ್ಲಿ 7 ಮಂದಿ. ಸ್ಟೆಮ್ ಸೆಲ್‌ನಿಂದ (ಆಕರ ಕೋಶ) ಬೆಳೆಸಿ ನೆಟ್ಟ ಕೋಶಗಳು ಬದುಕಿದವು, ಡೋಪಮಿನ್ ಮಾಡಿದವು, ಗೆಡ್ಡೆಯಾಗಲಿಲ್ಲ. ಸುರಕ್ಷತೆ ನೋಡಲೆಂದೇ ಮಾಡಿದ ಪ್ರಯೋಗಗಳವು, ಗುಣವಾಯಿತು ಎನ್ನಲು ಸಾಲದು. ಇದನ್ನು ತೋರಿಸಿ "ಸ್ಟೆಮ್ ಸೆಲ್ ಇಂಜೆಕ್ಷನ್" ಎಂದು ಲಕ್ಷಗಟ್ಟಲೆ ಕೇಳುವವರಿಗೆ ತೋಟ ಅಡವಿಡಬೇಡಿ. ಭಾರತದಲ್ಲಿ ಪಾರ್ಕಿನ್ಸನ್ಸ್‌ಗೆ ಅಂಥ ಚಿಕಿತ್ಸೆಗೆ ಒಪ್ಪಿಗೆ ಇಲ್ಲ. ಸಕ್ಕರೆ ಕಾಯಿಲೆಯ ಮದ್ದು ಎಕ್ಸೆನಾಟೈಡ್ ಮೇಲೆ ದೊಡ್ಡ ಆಸೆ ಇತ್ತು, ಅದೂ 2025ರಲ್ಲಿ 96 ವಾರಗಳ ಪ್ರಯೋಗದಲ್ಲಿ ಕಾಯಿಲೆಯ ವೇಗ ತಗ್ಗಿಸಲಿಲ್ಲ.

ವ್ಯಾಯಾಮದ ಲೆಕ್ಕ ಇದಕ್ಕಿಂತ ಚೆನ್ನಾಗಿದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇನ್ನೂ ಗುಳಿಗೆ ಶುರುಮಾಡದ 128 ಮಂದಿಯಲ್ಲಿ, ಗರಿಷ್ಠ ಎದೆಬಡಿತದ ನೂರಕ್ಕೆ 80ರಿಂದ 85ರಷ್ಟು ಏರುವಂತೆ ವಾರಕ್ಕೆ ಸುಮಾರು ಮೂರು ದಿನ ಟ್ರೆಡ್‌ಮಿಲ್ ಮೇಲೆ ನಡೆದವರ ಕಾಯಿಲೆಯ ತೀವ್ರತೆಯ ಅಂಕ ಆರು ತಿಂಗಳಾದರೂ ಹೆಚ್ಚು ಏರಲಿಲ್ಲ. 60 ವರ್ಷದವರಿಗೆ ಆ ಎದೆಬಡಿತ ನಿಮಿಷಕ್ಕೆ ಸುಮಾರು 128ರಿಂದ 136. ಮೊದಲು ಇಸಿಜಿ, ಬಿಪಿ ನೋಡಿಸಿ.

ಹಳೆಯ ಮನೆಗಳ ಎತ್ತರದ ಹೊಸಿಲಲ್ಲಿ ಕಾಲು ಕಚ್ಚಿಕೊಂಡರೆ ಕೈ ಹಿಡಿದು ಎಳೆಯಬೇಡಿ. ಮೈ ಮುಂದಕ್ಕೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ, ಬೀಳುವುದು ಹಾಗೆಯೇ. ನಿಲ್ಲಿಸಿ, ತೂಕವನ್ನು ಒಂದು ಕಾಲಿಗೆ ಹಾಕಿಸಿ, "ಒಂದು, ಎರಡು" ಎಣಿಸಿ. ಹೊಸಿಲಿನ ಈಚೆ ಹೆಜ್ಜೆಗೊಂದರಂತೆ ಬಣ್ಣದ ಟೇಪ್ ಅಂಟಿಸಿದರೆ, ದಾಟಲು ಕಣ್ಣಿಗೊಂದು ಗೆರೆ ಸಿಗುತ್ತದೆ.

ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗ, ಆಪರೇಷನ್ನಿಗೆ ಹೋಗುವಾಗ, ಗುಳಿಗೆ ಒಮ್ಮೆಗೇ ನಿಲ್ಲಬಾರದು. ನಿಂತರೆ ಜೋರು ಜ್ವರ, ಮರಗಟ್ಟಿದ ಮೈ, ಪ್ರಾಣಕ್ಕೇ ಅಪಾಯ. ಜೇಬಿನಲ್ಲಿ ಒಂದು ಚೀಟಿ ಇರಲಿ: ಗುಳಿಗೆಯ ನಂಬರ್, ಹೊತ್ತುಗಳು, ಮೆಟೊಕ್ಲೋಪ್ರಮೈಡ್ ಮತ್ತು ಮಾನಸಿಕ ಕಾಯಿಲೆಯ ಮದ್ದು ಹ್ಯಾಲೊಪೆರಿಡಾಲ್ ಬೇಡ, ಬಾಯಿಂದ ಕೊಡಲಾಗದಿದ್ದರೆ ಮೂಗಿನ ನಳಿಗೆಯಿಂದಾದರೂ ಲೆವೊಡೋಪಾ ಕೊಡಿ, ನರರೋಗ ತಜ್ಞರ ಫೋನ್ ನಂಬರ್ ಇದು.