ಚೆನ್ನಾಗಿ ಕಾಣುತ್ತಿದ್ದ ಕಣ್ಣು

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಆ ದಿನ ಬೆಳಿಗ್ಗೆ ಅಮ್ಮ "ಏಕಾದಶಿ ಇವತ್ತಾ ನಾಳೆನಾ, ನೋಡಿ ಹೇಳೋ" ಅಂದರು. ನೋಡಿದರೆ ತಾರೀಖಿನ ಮೇಲೆ ಒಂದು ಕಪ್ಪು ದಾರ. ಕೂದಲು ಅಂಟಿದೆ ಅಂದುಕೊಂಡು ಒರೆಸಿದೆ, ಹೋಗಲಿಲ್ಲ. ತಲೆ ತಿರುಗಿಸಿದೆ, ದಾರವೂ ತಿರುಗಿತು. ಗೋಡೆ ಮೇಲೆ ಬಂತು, ಅಮ್ಮನ ಸೀರೆ ಮೇಲೆ ಬಂತು. ಬಲಗಣ್ಣು ಮುಚ್ಚಿದೆ, ದಾರ ಇನ್ನೂ ಇತ್ತು. ಎಡಗಣ್ಣು ಮುಚ್ಚಿದೆ, ಮಾಯ.

ಅದಕ್ಕೆ ಹತ್ತು ದಿನ ಮುಂಚೆಯೇ ಆ ಕಣ್ಣಲ್ಲಿ ಮಸಿಯಂಥ ಸಣ್ಣ ಚುಕ್ಕಿಗಳು ಓಡಾಡುತ್ತಿದ್ದವು. ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೂ ಕನ್ನಡ ಅಕ್ಷರಗಳ ಜೊತೆಯೇ ಕೆಲಸ. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಟಾರ್ಚ್ ಬಿಟ್ಟು ನೋಡಿ, "ಕಂಪ್ಯೂಟರ್ ಜಾಸ್ತಿ ನೋಡ್ತೀರಲ್ಲ, ಕಣ್ಣು ಒಣಗಿದೆ" ಅಂತ ಡ್ರಾಪ್ಸ್ ಕೊಟ್ಟು ಕಳಿಸಿದ್ದರು. ನಾನೂ ನಂಬಿದ್ದೆ. ಪಾಪೆ ಹಿಗ್ಗಿಸಿ ಒಳಗೆ ನೋಡಲಿಲ್ಲವಲ್ಲ ಅನ್ನೋದು ಈಗಲೂ ಬೇಜಾರು. ಕಣ್ಣಲ್ಲಿ ಹೊಸದಾಗಿ ಚುಕ್ಕಿಯೋ ದಾರವೋ ಮಿಂಚೋ ಕಂಡರೆ, ಪಾಪೆ ಹಿಗ್ಗಿಸಿ ನೋಡಿ ಅಂತ ದಯವಿಟ್ಟು ನೀವೇ ಬಾಯಿಬಿಟ್ಟು ಕೇಳಿ.

ಮಧ್ಯಾಹ್ನದ ಹೊತ್ತಿಗೆ ಆ ಒಂದು ದಾರ ಹತ್ತಾಗಿ, ಆಮೇಲೆ ನೀರಿನ ಲೋಟಕ್ಕೆ ಇಂಕು ಬಿಟ್ಟ ಹಾಗೆ ಹರಡಿಕೊಂಡು, ಎಡಗಣ್ಣಿಗೆ ಕಾಣೋದೆಲ್ಲ ಕಂದುಗೆಂಪು ಮಬ್ಬಾಯಿತು. ಒಂಚೂರೂ ನೋವಿಲ್ಲ. ನೋವಿದ್ದಿದ್ದರೆ ಮೊದಲೇ ಹೆದರಿ ಓಡುತ್ತಿದ್ದೆನೇನೋ. ಅಕ್ಕನಿಗೆ ಫೋನ್ ಮಾಡಿದೆ. ಗಿರಿನಗರದಿಂದ ಆಟೋ ಹಿಡಿದು ಬಂದವಳು, ಅದೇ ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ನೋಡುವ ಡಾಕ್ಟರ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ನರ್ಸ್ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕೋಕೆ ಬಂದರು. "ಬಲಗಣ್ಣು ಚೆನ್ನಾಗಿದೆ ಸಿಸ್ಟರ್, ಎಡಕ್ಕೆ ಮಾತ್ರ ಹಾಕಿ" ಅಂದೆ. "ಎರಡಕ್ಕೂ ಹಾಕಬೇಕು, ತಲೆ ಎತ್ತಿ" ಅಂದರು. ಆ ಎರಡು ಹನಿಯನ್ನು ನಾನು ದಿನಾ ನೆನೆಯುತ್ತೇನೆ.

ಎಡಗಣ್ಣಲ್ಲಿ ರಕ್ತ ಎಷ್ಟು ತುಂಬಿತ್ತು ಅಂದರೆ ಡಾಕ್ಟರಿಗೆ ಒಳಗೆ ಏನೂ ಕಾಣಲಿಲ್ಲ. ರೆಪ್ಪೆ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ರೆಟಿನಾ ಕಿತ್ತು ಬಂದಿಲ್ಲ, ಜಾಗದಲ್ಲೇ ಇದೆ ಅಂದರು. ಆಮೇಲೆ ಬಲಗಣ್ಣು. ನನ್ನನ್ನು ಮಲಗಿಸಿ, ತಲೆಗೆ ಲೈಟ್ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ಒಂದು ಸಣ್ಣ ಕಡ್ಡಿಯಿಂದ ರೆಪ್ಪೆ ಒತ್ತುತ್ತಾ "ಮೇಲೆ ನೋಡಿ, ಬಲಕ್ಕೆ, ಇನ್ನೂ ಬಲಕ್ಕೆ" ಅನ್ನುತ್ತಿದ್ದರು. ತುಂಬಾ ಹೊತ್ತು ನೋಡಿದರು. ಆಮೇಲೆ "ಜೊತೆಗೆ ಯಾರು ಬಂದಿದಾರೆ? ಒಳಗೆ ಕರೀರಿ" ಅಂದರು. ಎದೆ ಹೊಡೆದುಕೊಳ್ಳೋಕೆ ಶುರುವಾಯಿತು.

ಡಾಕ್ಟರ್ ಚೀಟಿ ಹಿಂದೆ ಒಂದು ವೃತ್ತ ಬರೆದು, ಅಂಚಿನಲ್ಲಿ ಗೀಟು ಎಳೆದು ತೋರಿಸಿದರು. ಬಲಗಣ್ಣಿನ ಅಂಚಿನ ರಕ್ತನಾಳಗಳು ಉರಿಯೂತ ಬಂದು, ಬಿಳಿ ತೊಗಟೆ ಕಟ್ಟಿದ ಹಾಗಾಗಿದ್ದವಂತೆ. ಅವುಗಳಿಂದಾಚೆಗೆ ರಕ್ತ ಹೋಗುತ್ತಿಲ್ಲ. ನಡುಭಾಗ ಚೆನ್ನಾಗಿರೋದರಿಂದ ನನಗೆ ಎಲ್ಲಾ ಸರಿಯಾಗಿಯೇ ಕಾಣುತ್ತಿದೆ. "ಎಡಗಣ್ಣಲ್ಲೂ ಹೀಗೇ ಶುರುವಾಗಿರುತ್ತೆ, ಅಲ್ಲಿ ಮುಂದುವರಿದು ಒಡೆದಿದೆ" ಅಂದರು. ಇದಕ್ಕೆ ಈಲ್ಸ್ ಕಾಯಿಲೆ ಅಂತ ಹೆಸರು. 1880ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೆನ್ರಿ ಈಲ್ಸ್ ಅನ್ನೋ ಡಾಕ್ಟರ್ ಇದನ್ನು ಮೊದಲು ವಿವರವಾಗಿ ಬರೆದರಂತೆ. ಅಪರೂಪದ್ದೇ, ಆದರೆ ಪಶ್ಚಿಮದ ದೇಶಗಳಿಗಿಂತ ನಮ್ಮ ಕಡೆ ಜಾಸ್ತಿ. ಹೆಚ್ಚಾಗಿ 20ರಿಂದ 40 ವಯಸ್ಸಿನ ಗಂಡಸರಿಗೆ ಬರುತ್ತೆ, ಬಹಳಷ್ಟು ಜನರಿಗೆ ಎರಡೂ ಕಣ್ಣಿಗೆ. ನನಗೆ ಆಗ 29.

ಅವತ್ತೇ ಆಂಜಿಯೋಗ್ರಾಮ್ ಕೂಡ ಆಯಿತು. ಹೃದಯದ್ದಲ್ಲ, ಕಣ್ಣಿಂದು. ಕೈ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯೋದನ್ನು ಸಾಲಾಗಿ ಫೋಟೋ ತೆಗೆಯುತ್ತಾರೆ. ಅರ್ಧ ನಿಮಿಷ ಹೊಟ್ಟೆ ತೊಳಸಿತು, ಅಷ್ಟೇ. ಮಾರನೇ ದಿನದವರೆಗೂ ಮೂತ್ರ ಅರಿಶಿನದ ನೀರಿನ ಹಾಗೆ ಹೋಗುತ್ತೆ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಸ್ಕ್ರೀನಿನಲ್ಲಿ ನಾಳಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಂಚಿಗೆ ಹೋದರೆ ಕೆಲವು ಕಡೆ ಸೋರಿ ಮಸುಕಾಗಿದ್ದವು, ಅದರಾಚೆ ನಾಳವೇ ಇಲ್ಲದ ಕಪ್ಪು ಜಾಗ.

ಮುಂದಿನ ವಾರ ಬಲಗಣ್ಣಿಗೆ ಲೇಸರ್ ಅಂದರು. ನನಗೆ ಒಪ್ಪೋಕೆ ಆಗಲಿಲ್ಲ. ಕಾಣದ ಕಣ್ಣು ಬಿಟ್ಟು ಚೆನ್ನಾಗಿ ಕಾಣೋ ಕಣ್ಣನ್ನು ಸುಡೋದಾ ಡಾಕ್ಟ್ರೇ ಅಂತ ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. "ನಿಮ್ಮ ಏರಿಯಾಗೆ ಕಾವೇರಿ ನೀರು ಬರದಿದ್ರೆ ಏನ್ಮಾಡ್ತೀರಿ? ಹೇಗೋ ಒಂದು ಪೈಪ್ ಎಳ್ಕೋತೀರಿ ಅಲ್ವಾ? ಕಣ್ಣೂ ಅದನ್ನೇ ಮಾಡುತ್ತೆ. ರಕ್ತ ಸಿಗದ ಜಾಗ ಹೊಸ ನಾಳ ಬೆಳೆಸಿ ಅಂತ ಕೂಗುತ್ತೆ. ಆದ್ರೆ ಆ ನಾಳಗಳ ಗೋಡೆ ತೀರಾ ತೆಳು, ಒಡೆದುಹೋಗ್ತವೆ. ಎಡಗಣ್ಣಲ್ಲಿ ಸುರಿದಿರೋದು ಅದೇ ರಕ್ತ. ಲೇಸರ್‌ನಿಂದ ಆ ಒಣಗಿದ ಜಾಗಾನ ಸುಟ್ಟರೆ ಕೂಗು ನಿಲ್ಲುತ್ತೆ." ಅಕ್ಕ ನನಗಿಂತ ಮೊದಲು ತಲೆಯಾಡಿಸಿದಳು.

ಆ ವಾರವೆಲ್ಲ ಪರೀಕ್ಷೆಗಳೇ. ಶುಗರ್, ಎದೆ ಎಕ್ಸ್‌ರೇ, ಟಿಬಿ ಪರೀಕ್ಷೆಗೆ ಮುಂಗೈಗೆ ಮಾಂಟೂ ಚುಚ್ಚು. ಈ ಕಾಯಿಲೆಗೂ ಟಿಬಿ ಕ್ರಿಮಿಗೂ ನಂಟಿದೆ ಅನ್ನೋದಕ್ಕೆ ಹಲವು ಸುಳಿವು ಸಿಕ್ಕಿವೆಯಂತೆ. ಮೂರನೇ ದಿನ ನನ್ನ ಕೈ ಊದಿತ್ತು. ಎಕ್ಸ್‌ರೇ ಮಾತ್ರ ಸ್ವಚ್ಛ. ಊದಿದ್ದಕ್ಕೆ ಮೈಯಲ್ಲಿ ಟಿಬಿ ಇದೆ ಅಂತ ಅರ್ಥ ಅಲ್ಲ, ನಮ್ಮ ದೇಶದಲ್ಲಿ ಎಷ್ಟೋ ಆರೋಗ್ಯವಂತರಿಗೂ ಹೀಗಾಗುತ್ತೆ ಅಂತ ಎದೆ ಡಾಕ್ಟರ್ ಸಮಾಧಾನ ಹೇಳಿದರು. ಕಣ್ಣಿನ ಡಾಕ್ಟರೂ ಅವರೂ ಮಾತಾಡಿಕೊಂಡು, ನನ್ನ ಮಟ್ಟಿಗೆ ಟಿಬಿ ಮಾತ್ರೆ ಜೊತೆಗೇ ಉರಿಯೂತ ಇಳಿಸೋಕೆ ಸ್ಟೀರಾಯ್ಡ್ ಕೊಡೋದು ಅಂತ ತೀರ್ಮಾನ ಮಾಡಿದರು. ಸ್ಟೀರಾಯ್ಡ್ ತಗೊಂಡಷ್ಟು ದಿನ ವಿಪರೀತ ಹಸಿವು, ರಾತ್ರಿ ನಿದ್ದೆಯಿಲ್ಲ. ನಮ್ಮಿಷ್ಟಕ್ಕೆ ನಿಲ್ಲಿಸೋ ಹಾಗೂ ಇಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಲೇಸರ್ ದಿನ ಗಲ್ಲ ಊರಿ ಕೂತೆ. ಮರಗಟ್ಟಿಸೋ ಡ್ರಾಪ್ಸ್ ಹಾಕಿ, ಕಣ್ಣಿಗೇ ಲೆನ್ಸ್ ತಾಗಿಸಿದರು. ಹಸಿರು ಮಿಂಚು, ಟಕ್ ಟಕ್ ಸದ್ದು, ಒಂದಾದ ಮೇಲೊಂದು ನೂರಾರು. ಅಂಚಿಗೆ ಹೋದ ಹಾಗೆ ಕಣ್ಣಿನ ಹಿಂದೆ ಚುಳ್ ಅನ್ನುತ್ತಿತ್ತು. ಹಿಂದೆ ನಿಂತಿದ್ದ ಅಕ್ಕ ನನ್ನ ಭುಜ ಬಿಡಲೇ ಇಲ್ಲ. ಎದ್ದಾಗ ಸ್ವಲ್ಪ ಹೊತ್ತು ಎಲ್ಲಾ ಕತ್ತಲೆ. ಆಮೇಲೆ ಅಕ್ಕನ ಮುಖ ಬಂತು.

ಎಡಗಣ್ಣಿಗೆ ಕಾಯೋದೇ ಮದ್ದು. ರಕ್ತ ಕೆಳಗಿಳಿಯಲಿ ಅಂತ ತಲೆಗೆ ಎರಡು ದಿಂಬು ಹಾಕಿ ಮಲಗು, ಬಗ್ಗಬೇಡ, ಭಾರ ಎತ್ತಬೇಡ. ತಾನಾಗಿ ಕರಗದಿದ್ದರೆ ಅಥವಾ ರೆಟಿನಾ ಎಳೆದುಕೊಂಡು ಬಂದರೆ, ಕಣ್ಣೊಳಗಿನ ಲೋಳೆ ತೆಗೆಯೋ ಆಪರೇಷನ್, ವಿಟ್ರೆಕ್ಟಮಿ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನಗೆ ಬೇಕಾಗಲಿಲ್ಲ. ಆರೇಳು ವಾರದಲ್ಲಿ ಮೇಲಿನ ಅರ್ಧ ತಿಳಿಯಾಯಿತು, ಒಳಗೆ ಕಂಡ ತಕ್ಷಣ ಅದಕ್ಕೂ ಎರಡು ಸಲ ಲೇಸರ್ ಮಾಡಿದರು. ಮತ್ತೆ ರಕ್ತ ಬರಬಹುದು, ವರ್ಷಗಟ್ಟಲೆ ತೋರಿಸುತ್ತಲೇ ಇರಬೇಕು ಅಂತ ಹೇಳಿದ್ದಾರೆ.

ಈಗ ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ಓದುತ್ತೇನೆ. ಬಹಳ ದಿನ ಎಡಗಣ್ಣಿಗೆ ಬರೀ ಚೌಕಗಳು ಕಾಣುತ್ತಿದ್ದವು. ಆಮೇಲೆ ದಪ್ಪ ತಾರೀಖುಗಳು. ಹೋದ ವಾರ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದರೆ, ಚೌಕದ ಮೂಲೆಯ ಸಣ್ಣ ಅಕ್ಷರ ಕಂಡಿತು. ಪುಷ್ಯ. ಷ ಕೆಳಗಿನ ಯ ಒತ್ತು ಸಮೇತ. ಒಲೆ ಮುಂದಿದ್ದ ಅಮ್ಮನಿಗೆ ಅಲ್ಲಿಂದಲೇ ಕೂಗಿ ಹೇಳಿದೆ, ಅಮ್ಮ, ಇವತ್ತು ಪುಷ್ಯ ನಕ್ಷತ್ರ.