ಸೈಟ್ ಚಂದ ಕಾಣ್ಲಿಕ್ಕೆ ಎಂತ ಮಾಡ್ಬೇಕು ಅಂತ ಕೇಳುವವರಿಗೆ

ನಮ್ಮ ಕೇರಳದ ಕಾಸರಗೋಡಿನಲ್ಲಿ ಬದಿಯಡ್ಕದಿಂದ ಉಪ್ಪಳದವರೆಗೆ ಯಾರ ಮನೆ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರದ್ದು ಇದೇ ಪ್ರಶ್ನೆ. "ನೀನು ವೆಬ್‌ಸೈಟ್ ಮಾಡುವವನಲ್ವಾ, ಸೈಟ್ ಚಂದ ಕಾಣ್ಲಿಕ್ಕೆ ಎಂತ ಮಾಡ್ಬೇಕು?" ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಉತ್ತರ ಇಷ್ಟೇ: ಚಂದಕ್ಕೆ ಅಂತ ಹಾಕಿದ್ದರಲ್ಲಿ ಅರ್ಧ ತೆಗೆಯಿರಿ.

ಒಮ್ಮೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಸೈಟ್ ಮಾಡಲು ಕರೆದಿದ್ದರು. ಸಮಿತಿಯವರಿಗೆ ಬೇಕಾದದ್ದು ತೆರೆದ ಕೂಡಲೇ ಭಕ್ತಿಗೀತೆ, ಮೇಲಿಂದ ಉದುರುವ ಹೂ, ಅಡ್ಡಕ್ಕೆ ಓಡುವ ಅಕ್ಷರ, ಎಲ್ಲಾ ಪದಾಧಿಕಾರಿಗಳ ಫೋಟೋ, ಕೊನೆಗೆ ಆಮಂತ್ರಣ ಪತ್ರಿಕೆಯದ್ದೂ ಒಂದು ಫೋಟೋ. ತಾನಾಗಿ ಶುರುವಾಗುವ ಹಾಡನ್ನು ಕ್ರೋಮ್ 2018ರಿಂದಲೇ ತಡೆಯುತ್ತದೆ, ಓಡುವ ಅಕ್ಷರದ ಟ್ಯಾಗ್ ಬಳಸಬೇಡಿ ಅಂತ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮವೇ ಹೇಳುತ್ತದೆ ಅಂದೆ. "ಹಾಗಾದ್ರೆ ಹೂವಾದ್ರೂ ಇರ್ಲಿ ಮಾರಾಯಾ" ಅಂದರು.

ಜನ ಸೈಟಿಗೆ ಬರುವುದು ಯಾವ ದಿನ ಯಾವ ಕಾರ್ಯಕ್ರಮ, ಕುಂಬಳೆಯಲ್ಲಿ ಇಳಿದರೆ ಬಸ್ ಉಂಟಾ, ಸೇವೆಗೆ ಯಾರಿಗೆ ಫೋನ್ ಮಾಡುವುದು ಅಂತ ನೋಡಲು. ಅದೆಲ್ಲ ಆ ಪತ್ರಿಕೆಯ ಫೋಟೋ ಒಳಗೆ! ಸಣ್ಣ ಫೋನಿನಲ್ಲಿ ಎಳೆದೆಳೆದು ದೊಡ್ಡದು ಮಾಡಿದರೆ ಮಂಜು. ನಂಬರ್ ಒತ್ತಿದರೆ ಕಾಲ್ ಹೋಗುವುದಿಲ್ಲ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅದು ಬರೀ ಒಂದು ಚಿತ್ರ. ಮೇಲಿಂದ ಕೇಸರಿ ಮೇಲೆ ಹಳದಿ ಅಕ್ಷರ ಬೇರೆ. ಸಾಮಾನ್ಯ ಅಳತೆಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕು ಅಂತ ಅಂತರರಾಷ್ಟ್ರೀಯ ಮಾನದಂಡವೇ ಉಂಟು. ಲೆಕ್ಕ ಬೇಡವಾದರೆ ಫೋನ್ ಹಿಡಿದುಕೊಂಡು ಅಂಗಳದ ಬಿಸಿಲಿಗೆ ಹೋಗಿ ಓದಿ.

ನಿಜ ಹೇಳಬೇಕಾದರೆ ನನ್ನ ಹತ್ತಿರ ಯಾರಾದರೂ ಕನ್ನಡವನ್ನು ಸೈಟಿನಲ್ಲಿ ಹೇಗೆ ಕೂರಿಸುವುದು ಅಂತ ಕೇಳಿದರೆ ಖುಷಿ. ಸಿಗುವ ಟೆಂಪ್ಲೇಟುಗಳೆಲ್ಲ, ಅಂದರೆ ಸೈಟಿನ ರೆಡಿಮೇಡ್ ಮಾದರಿಗಳೆಲ್ಲ, ಹೆಚ್ಚಾಗಿ ಇಂಗ್ಲಿಷಿಗೆ ಹೊಲಿದದ್ದು. ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ "ರಾಷ್ಟ್ರ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಅಕ್ಷರದ ಅಳತೆಯ 1.6 ಪಟ್ಟಾದರೂ ಸಾಲಿನ ಎತ್ತರ ಇಡಿ. ಇಟಾಲಿಕ್ ಬೇಡ, ಫಾಂಟಿನಲ್ಲಿ ಅದು ಇಲ್ಲದಿದ್ದರೆ ಬ್ರೌಸರ್ ಸುಮ್ನೆ ಅಕ್ಷರವನ್ನು ಓರೆ ಮಾಡಿ ಕೊಡುತ್ತದೆ, ಓದಲು ಹಿಂಸೆ. ಕ್ಯಾಪಿಟಲ್ ಅಕ್ಷರದ ಮೇಲೆ ನಿಂತ ಹೆಡ್ಡಿಂಗ್ ಕನ್ನಡಕ್ಕೆ ಬಂದರೆ ಹೆಡ್ಡಿಂಗ್ ಅಂತಲೇ ಗೊತ್ತಾಗುವುದಿಲ್ಲ. ಅದನ್ನು ದೊಡ್ಡದು, ದಪ್ಪ ಮಾಡಿ.

ಇನ್ನೊಂದು, ಇಲ್ಲಿಯ ಸೈಟಿಗೆ ಕನ್ನಡ, ಮಲಯಾಳ ಎರಡೂ ಬೇಕಾಗುತ್ತದೆ. ಭಾಷೆ ಬದಲಿಸುವ ಬಟನ್ ಮೊದಲ ಪುಟದ ಮೇಲೆಯೇ ಇರಲಿ, ಆಯಾ ಲಿಪಿಯಲ್ಲೇ ಇರಲಿ. ಕಚೇರಿಯ ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ಇಷ್ಟು ವರ್ಷ ಜಗಳ ಮಾಡಿದವರು ನಾವು. ನಮ್ಮದೇ ಸೈಟಿನಲ್ಲಿ ಅದನ್ನು ಮೂರು ಗೆರೆಯ ಮೆನು ಒಳಗೆ, ಅದೂ ಇಂಗ್ಲಿಷಿನಲ್ಲಿ ಬರೆದು ಅಡಗಿಸಿ ಇಡುವುದಾ?

ಇಷ್ಟಾಗಿಯೂ ನನ್ನಿಂದಲೇ ಮಾಡಿಸುವುದಾದರೆ ಪತ್ರಿಕೆಯ ಫೋಟೋ ಕಳಿಸಬೇಡಿ, ವಿಷಯ ಯುನಿಕೋಡಿನಲ್ಲಿ, ಅಂದರೆ ವಾಟ್ಸಾಪಿನಲ್ಲಿ ಟೈಪ್ ಮಾಡುವಂಥ ಕನ್ನಡದಲ್ಲಿ, ಕಳಿಸಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿ ಪ್ರೆಸ್ಸಿನವರು ಕೊಡುವ ಹಳೆ ಫೈಲ್ ಹಾಗೇ ಹಾಕಿದರೆ ಬ್ರೌಸರಿನಲ್ಲಿ ಏನೇನೋ ಗೀಟು ಕಾಣುತ್ತದೆ. ಕನ್ವರ್ಟ್ ಮಾಡಿಸಿ, ಅರ್ಕಾವೊತ್ತು ಸರಿ ಬಂದಿದೆಯಾ ಅಂತ ಒಮ್ಮೆ ಓದಿ ನೋಡಿಯೇ ಕಳಿಸಿ. ಪದಾಧಿಕಾರಿಗಳ ಫೋಟೋಗೆ ಬೇರೆ ಪುಟ ಮಾಡಿ ಕೊಡುತ್ತೇನೆ.